ಕನ್ನಡಿಯಲ್ಲೊಂದು ದೀಪ: ಗುಂಪಾಗಿ ದೂರ ಹೋಗುವ ಬೈಕ್ ಸವಾರಿ

(ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ಕಾರಿನಲ್ಲಿ ನಾಲ್ಕು ಜನ ಹೊರಟರೆ ದಾರಿಯುದ್ದಕ್ಕೂ ಮಾತು. ರೈಲಿನಲ್ಲಾದರೆ ಎದುರು ಸೀಟಿನವರೂ ಸೇರಿಕೊಳ್ಳುತ್ತಾರೆ. ಎಂಟು ಜನ ಎಂಟು ಬೈಕ್ ಹತ್ತಿ ಹೊರಟರೆ? ಹೆಲ್ಮೆಟ್ ಹಾಕಿದ ಕ್ಷಣದಿಂದ ಎಲ್ಲರೂ ಮೂಗರು. 80 ಕಿಲೋಮೀಟರ್ ವೇಗದ ಗಾಳಿಯಲ್ಲಿ ತಾವು ಗುನುಗುವ ಹಾಡು ತಮಗೇ ಕೇಳಿಸುವುದಿಲ್ಲ. ಹೀಗೆ ದಿನಕ್ಕೆ ಆರೇಳು ಗಂಟೆ ಪರಸ್ಪರ ಒಂದು ಮಾತೂ ಆಡದೆ ಕಳೆಯುವವರು, ಹತ್ತು ದಿನ ಕಳೆಯುವಷ್ಟರಲ್ಲಿ ಒಬ್ಬರನ್ನೊಬ್ಬರು ಹೆಲ್ಮೆಟ್ ವಾಲಿದ ರೀತಿಯಿಂದಲೇ ಗುರುತಿಸುತ್ತಾರೆ. ಯಾರಿಗೆ ಸುಸ್ತಾಗಿದೆ, ಯಾರಿಗೆ ಚಳಿ ಹತ್ತಿದೆ, ಯಾರಿಗೆ ಇವತ್ತು ಖುಷಿ ಎನ್ನುವುದು ಬೆನ್ನು ನೋಡಿದರೇ ಗೊತ್ತಾಗುತ್ತದೆ. ಇದು ಹೇಗೆ ಆಗುತ್ತದೆ ಎಂಬುದು ಇವತ್ತಿನ ವಿಷಯ.

ನನ್ನ ಉತ್ತರ ತುಸು ನೀರಸ ಎನ್ನಿಸಬಹುದು. ಸೂರ್ಯಾಸ್ತ, ಸ್ವಾತಂತ್ರ್ಯ, ಗಾಳಿಗೆ ಎದೆಯೊಡ್ಡುವುದು, ಇವೆಲ್ಲ ಒಬ್ಬರೇ ಹೋದರೂ ಸಿಗುತ್ತವೆ. ಗುಂಪಿನ ಸ್ನೇಹ ಹುಟ್ಟುವುದು ವ್ಯವಸ್ಥೆಯಿಂದ. ಯಾರು ಎಲ್ಲಿ ನಿಂತು ಯಾರಿಗೆ ಕಾಯಬೇಕು, ಯಾರ ಜೇಬಿನಲ್ಲಿ ಯಾರ ಕೀಲಿ ಇರಬೇಕು, ಪಂಚರ್ ಆದರೆ ಯಾರು ಗಾಡಿ ಹಿಡಿಯಬೇಕು, ಇಂಥ ಸಣ್ಣ ಏರ್ಪಾಡುಗಳಿಂದ. ಅವು ಸರಿಯಿಲ್ಲದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಎರಡನೆಯ ದಿನವೇ ಜಗಳ. ಹಾಗಾಗಿ ಇವತ್ತು ಹೆಚ್ಚಿನ ಮಾತು ಏರ್ಪಾಡಿನ ಬಗ್ಗೆಯೇ.

ಎಷ್ಟು ಜನ ಎಂಬಲ್ಲಿಂದ ಶುರುಮಾಡೋಣ. ಐದರಿಂದ ಏಳು ಹದವಾದ ಸಂಖ್ಯೆ. ಎಂಟಾದರೆ ನಡೆದೀತು. ಅದಕ್ಕೂ ಹೆಚ್ಚಾದರೆ ಎರಡು ಗುಂಪು ಮಾಡಿ, ಎರಡೂ ಬೇರೆ ಬೇರೆಯಾಗಿ ಹೊರಡಲಿ. ಹನ್ನೆರಡು ಬೈಕಿನ ಸಾಲು ನೋಡಲು ಭರ್ಜರಿ. ಆದರೆ ಹಿಂದೆ ಬರುವ ಕಾರಿಗೆ ಅದನ್ನು ದಾಟಲು ಜಾಗ ಸಿಗುವುದಿಲ್ಲ, ಒಂದು ಸಿಗ್ನಲ್ಲಿನಲ್ಲಿ ಎಲ್ಲರೂ ಪಾರಾಗುವುದಿಲ್ಲ, ಪೆಟ್ರೋಲ್ ಬಂಕಿನಲ್ಲಿ ಒಬ್ಬೊಬ್ಬರಿಗೆ ನಾಲ್ಕು ನಿಮಿಷ ಹಿಡಿದರೂ ಮುಕ್ಕಾಲು ಗಂಟೆ ಹೋಗುತ್ತದೆ. ಎಂಟು ಜನರಿದ್ದಾಗಲೂ ಒಬ್ಬರ ಕೈಯಲ್ಲಿ ಒಟ್ಟು ಹಣ ಇಟ್ಟು, ಎಲ್ಲ ಟ್ಯಾಂಕೂ ತುಂಬಿದ ಮೇಲೆ ಒಂದೇ ಸಲ ಪಾವತಿಸಿದರೆ ಹತ್ತು ನಿಮಿಷವಾದರೂ ಉಳಿಯುತ್ತದೆ. ಲೆಕ್ಕದ ಪುಸ್ತಕ ಮಾತ್ರ ಅವರ ಕೈಯಲ್ಲಿ ಬೇಡ, ಬೇರೊಬ್ಬರಲ್ಲಿರಲಿ. ಅನುಮಾನ ಯಾರ ಮೇಲೂ ಇಲ್ಲ. ಸುಸ್ತಾದ ತಲೆ ಕೂಡುವುದರಲ್ಲಿ ತಪ್ಪುತ್ತದೆ, ಅಷ್ಟೆ.

ಸಾಲಿನಲ್ಲಿ ಮುಂದೆ ಹೋಗುವವರನ್ನು ಲೀಡ್ ಎಂದೂ ಕೊನೆಯಲ್ಲಿ ಬರುವವರನ್ನು ಸ್ವೀಪ್ ಎಂದೂ ಕರೆಯುವ ರೂಢಿ. ಲೀಡ್‌ಗೆ ದಾರಿ ಗೊತ್ತಿದ್ದರೆ ಸಾಕು. ಸ್ವೀಪ್‌ಗೆ ರಿಪೇರಿ ಗೊತ್ತಿರಬೇಕು, ಪ್ರಥಮ ಚಿಕಿತ್ಸೆ ಗೊತ್ತಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ ಇರಬೇಕು. ಏನೇ ಕೆಟ್ಟರೂ ಕೆಟ್ಟವರ ಹಿಂದೆ ಇರುವುದು ಅವರೊಬ್ಬರೇ. ಅವರ ಜಾಕೆಟ್ ದೂರದಿಂದಲೇ ಗುರುತು ಸಿಗುವ ಬಣ್ಣದ್ದಿರಲಿ.

ಹೊಸಬರು ಎಲ್ಲಿ? ‘ನಾನು ಎಲ್ಲರಿಗೂ ಭಾರವಾಗಬಾರದು, ಹಿಂದೆ ಇರುತ್ತೇನೆ’ ಎಂದು ಅವರು ತಾವಾಗಿಯೇ ಹಿಂದೆ ಸರಿಯುತ್ತಾರೆ. ಇದಕ್ಕಿಂತ ಕೆಟ್ಟ ಜಾಗ ಅವರಿಗಿಲ್ಲ. ಯಾಕೆಂದು ಲೆಕ್ಕ ಹಾಕಿ ನೋಡೋಣ. ಎಂಟು ಗಾಡಿ ಒಂದರ ಹಿಂದೊಂದು, ನಡುವೆ ಎರಡು ಸೆಕೆಂಡಿನ ಅಂತರ ಇದೆ ಎಂದಿಟ್ಟುಕೊಳ್ಳಿ. 80ರ ವೇಗದಲ್ಲಿ ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತೇವೆ. ಏಳು ಅಂತರ, 14 ಸೆಕೆಂಡು. ಸಾಲಿನ ಉದ್ದ 310 ಮೀಟರ್. ರಸ್ತೆಗೆ ಅಡ್ಡಲಾಗಿ ಒಂದು ಉಬ್ಬು ಬಂತು, ಎಲ್ಲರೂ 20ಕ್ಕೆ ಇಳಿದರು. ಅದೇ ಎರಡು ಸೆಕೆಂಡು ಈಗ ಬರೀ 11 ಮೀಟರ್. ಸಾಲು 80 ಮೀಟರಿಗೆ ಕುಗ್ಗಿತು. ಲೀಡ್ ಉಬ್ಬು ದಾಟಿದ್ದೇ ತಡ ಆಕ್ಸಿಲೇಟರ್ ತಿರುಗಿಸಿ 80ಕ್ಕೆ ಹೋದರು. ಕೊನೆಯವರು ಇನ್ನೂ ಉಬ್ಬಿನ ಈಚೆಗಿದ್ದಾರೆ. ಪ್ರತಿಯೊಬ್ಬರೂ ಮುಂದಿನವರು ಹೊರಟದ್ದನ್ನು ಕಂಡು ಅರ್ಧ ಸೆಕೆಂಡು ತಡವಾಗಿ ಹೊರಡುತ್ತಾರೆ. ಆ ಅರ್ಧರ್ಧ ಸೆಕೆಂಡುಗಳೆಲ್ಲ ಕೂಡಿ ಬಾಲದ ಹತ್ತಿರ ದೊಡ್ಡ ಬಿರುಕಾಗುತ್ತದೆ. ಅದನ್ನು ಮುಚ್ಚಲು ಕೊನೆಯವರು 100 ದಾಟಿಸಬೇಕಾಗುತ್ತದೆ. ಮುಂದಿರುವವರಿಗೆ ಹಾಯಾದ ಸವಾರಿ, ಹಿಂದಿರುವವರಿಗೆ ದಿನವಿಡೀ ಓಟದ ಪಂದ್ಯ. ರಸ್ತೆ ಒಂದೇ, ದಿನ ಒಂದೇ.

ಆದ್ದರಿಂದ ಹೊಸಬರಿಗೆ ಲೀಡ್‌ನ ಬೆನ್ನಿಗೇ, ಎರಡನೆಯ ಜಾಗ. ಲೀಡ್ ಅವರ ವೇಗಕ್ಕೆ ತಕ್ಕಂತೆ ಸಾಗಬೇಕು. ಉಬ್ಬು, ತಿರುವು, ಸಿಗ್ನಲ್ ದಾಟಿದ ಮೇಲೆ ಸಾಲಿನ ಕೊನೆಯವರ ದೀಪ ಕನ್ನಡಿಯಲ್ಲಿ ಕಾಣುವವರೆಗೆ ವೇಗ ಏರಿಸಬಾರದು. ಇಷ್ಟು ಪಾಲಿಸಿದರೆ ಗುಂಪಿನ ಅರ್ಧ ಆಯಾಸ ಹೋಗುತ್ತದೆ. ಮೊದಲ ದಿನ ಹೊಸಬರಿಗೆ ಹೀಗೆ ಮುಂದೆ ಕೂರಲು ಸಂಕೋಚ. ಮೂರನೆಯ ದಿನಕ್ಕೆ ತಮ್ಮ ವೇಗವೇ ಎಲ್ಲರ ವೇಗ ಎಂದು ಗೊತ್ತಾದಾಗ ಅವರ ಭುಜ ಸಡಿಲವಾಗುವುದು ಹಿಂದಿನಿಂದಲೇ ಕಾಣುತ್ತದೆ.

ನೇರ, ಒಳ್ಳೆಯ ರಸ್ತೆಯಲ್ಲಿ ಗಾಡಿಗಳು ಓರೆ ಸಾಲಿನಲ್ಲಿ ಹೋಗುತ್ತವೆ. ವಾಹನಗಳು ಎಡಬದಿಯಲ್ಲಿ ಓಡುವ ದೇಶಗಳಲ್ಲಿ ಲೀಡ್ ತನ್ನ ಲೇನಿನ ಬಲ ಭಾಗದಲ್ಲಿ, ಅಂದರೆ ನಡುಗೆರೆಯ ಹತ್ತಿರ. ಎರಡನೆಯವರು ಒಂದು ಸೆಕೆಂಡು ಹಿಂದೆ ಎಡ ಭಾಗದಲ್ಲಿ. ಮೂರನೆಯವರು ಮತ್ತೆ ಬಲಕ್ಕೆ. ಬಲಬದಿಯ ದೇಶಗಳಲ್ಲಿ ಇದು ತಿರುಗುಮುರುಗು. ನಿಮ್ಮ ನೇರ ಮುಂದಿರುವ ಗಾಡಿಗೂ ನಿಮಗೂ ಎರಡು ಸೆಕೆಂಡು ಇರಲೇಬೇಕು. ಜೋಡಿಯಾಗಿ ಪಕ್ಕಪಕ್ಕ ಹೋಗುವುದು ಫೋಟೋಗೆ ಚೆಂದ. ಗುಂಡಿ ಎದುರಾದಾಗ ಪಕ್ಕಕ್ಕೆ ಸರಿಯಲು ಜಾಗವೇ ಇರುವುದಿಲ್ಲ. ತಿರುವು, ಕಿರಿದಾದ ರಸ್ತೆ, ಮಂಜು, ಜಲ್ಲಿ ಬಂದರೆ ಲೀಡ್ ಒಂದು ಬೆರಳು ಎತ್ತುತ್ತಾರೆ, ಎಲ್ಲರೂ ಒಂದೇ ಸಾಲು. ಎರಡು ಬೆರಳು ಎತ್ತಿದರೆ ಮತ್ತೆ ಓರೆ ಸಾಲು. ಟ್ಯಾಂಕಿನ ಕಡೆ ಬೆರಳು ಮಾಡಿದರೆ ಪೆಟ್ರೋಲ್. ಕಾಲು ಚಾಚಿ ನೆಲ ತೋರಿಸಿದರೆ ಆ ಬದಿಯಲ್ಲಿ ಗುಂಡಿಯೋ ಕಲ್ಲೋ ಇದೆ. ಇಂಡಿಕೇಟರ್ ಆರಿಸಲು ಮರೆತವರಿಗೆ ಮುಷ್ಟಿ ಬಿಚ್ಚಿ ಮುಚ್ಚಿ ತೋರಿಸುವುದು. ಎರಡು ದಿನದಲ್ಲಿ ಇದು ಗುಂಪಿನ ಸ್ವಂತ ಭಾಷೆಯಾಗಿ ಬೆಳೆಯುತ್ತದೆ. ಹಸಿವಿಗೊಂದು, ‘ಆ ಬೆಟ್ಟ ನೋಡಿ’ ಎನ್ನುವುದಕ್ಕೊಂದು, ‘ಈ ಲಾರಿಯ ಹೊಗೆ ಸಾಕಪ್ಪಾ’ ಎನ್ನುವುದಕ್ಕೊಂದು ಸನ್ನೆ ತಾನಾಗಿ ಹುಟ್ಟಿಕೊಳ್ಳುತ್ತದೆ. ಹೆಲ್ಮೆಟ್ ಇಂಟರ್‌ಕಾಮ್ ಬಂದ ಮೇಲೆ ಈ ಸನ್ನೆಗಳು ಕಡಿಮೆಯಾಗುತ್ತಿವೆ. ಲೀಡ್ ಮತ್ತು ಸ್ವೀಪ್ ನಡುವೆ ಇಂಟರ್‌ಕಾಮ್ ಇದ್ದರೆ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಎಂಟೂ ಜನರ ಕಿವಿಯಲ್ಲಿ ಎಂಟೂ ಜನರ ಹರಟೆ ನನಗೆ ಅಷ್ಟು ಇಷ್ಟವಿಲ್ಲ. ನಿಂತಾಗ ಹೇಳಲು ಏನೂ ಉಳಿದಿರುವುದಿಲ್ಲ. ಇಂಟರ್‌ಕಾಮ್ ಇಲ್ಲದ ಗುಂಪು ನಿಂತಾಗ ನೋಡಿ: ಹೆಲ್ಮೆಟ್ ತೆಗೆದ ಕೂಡಲೇ ಎಂಟು ಬಾಯಿ ಒಟ್ಟಿಗೆ ಶುರು. ಎರಡು ಗಂಟೆ ತಡೆದಿಟ್ಟ ಮಾತೆಲ್ಲ ಹೊರಬರಬೇಕಲ್ಲ!

ಓವರ್‌ಟೇಕ್ ವಿಷಯದಲ್ಲಿ ಒಂದೇ ನಿಯಮ: ಲಾರಿಯನ್ನು ದಾಟುವ ತೀರ್ಮಾನ ಪ್ರತಿಯೊಬ್ಬರದ್ದೂ ಸ್ವಂತದ್ದು. ಮುಂದಿನವರು ಹೋದರೆಂದು ಹೋಗಬೇಡಿ. ಅವರಿಗಿದ್ದ ಖಾಲಿ ರಸ್ತೆ ನಿಮಗೆ ಇರಲಾರದು. ದಾಟಿದವರು ಲಾರಿಯ ಮುಂದೆಯೇ ನಿಧಾನ ಮಾಡದೆ ಮುಂದೆ ಸಾಗಿ, ಹಿಂದೆ ಬರುವವರು ಸೇರಿಕೊಳ್ಳಲು ಜಾಗ ಬಿಡಬೇಕು.

ಈಗ ಕನ್ನಡಿಯ ನಿಯಮಕ್ಕೆ ಬರೋಣ. ಗುಂಪಿನಲ್ಲಿ ಪ್ರತಿಯೊಬ್ಬರ ಹೊಣೆ ಒಬ್ಬರು ಮಾತ್ರ, ತಮ್ಮ ಬೆನ್ನ ಹಿಂದಿರುವವರು. ಹಿಂದಿನ ದೀಪ ಕನ್ನಡಿಯಲ್ಲಿ ಕಾಣುತ್ತಿರಬೇಕು. ತಿರುವು ದಾಟಿ ಒಂದು ನಿಮಿಷವಾದರೂ ಕಾಣದಿದ್ದರೆ ವೇಗ ಇಳಿಸಿ. ನೀವು ನಿಧಾನವಾದರೆ ನಿಮ್ಮ ಮುಂದಿನವರಿಗೆ ನಿಮ್ಮ ದೀಪ ಕಾಣದಾಗುತ್ತದೆ, ಅವರೂ ಇಳಿಸುತ್ತಾರೆ. ಹೀಗೆ ಸುದ್ದಿ ಒಂದೂ ಮಾತಿಲ್ಲದೆ, ಒಂದೂ ಹಾರ್ನ್ ಇಲ್ಲದೆ ಲೀಡ್‌ವರೆಗೆ ತಲುಪುತ್ತದೆ. ಆಗ ಸುರಕ್ಷಿತವಾದ ಜಾಗ ನೋಡಿ ನಿಲ್ಲುತ್ತಾರೆ. ಎಲ್ಲರೂ ಒಟ್ಟಿಗೆ ಯೂ-ಟರ್ನ್ ಹೊಡೆದು ಹುಡುಕಿಕೊಂಡು ಹೋಗಕೂಡದು. ಐದು ನಿಮಿಷ ಕಾದು, ಒಬ್ಬರೋ ಇಬ್ಬರೋ ಹೋದರೆ ಸಾಕು.

ದಾರಿ ಕವಲೊಡೆಯುವಲ್ಲಿ ಮಾಡುವ ಏರ್ಪಾಡು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಕವಲು ಬಂದಾಗ ಲೀಡ್ ಸನ್ನೆ ಮಾಡುತ್ತಾರೆ. ಆ ಕ್ಷಣದಲ್ಲಿ ಎರಡನೆಯ ಸ್ಥಾನದಲ್ಲಿ ಯಾರಿದ್ದಾರೋ ಅವರು ಅಲ್ಲೇ ನಿಲ್ಲುತ್ತಾರೆ. ರಸ್ತೆ ಬಿಟ್ಟು ಪಕ್ಕಕ್ಕೆ, ಆದರೆ ಎರಡೂ ಕಡೆಯಿಂದ ಕಾಣುವ ಹಾಗೆ. ತಿರುವಿನ ಹೊಟ್ಟೆಯಲ್ಲಿ ನಿಲ್ಲಬಾರದು. ಹೆಲ್ಮೆಟ್ ತಲೆಯ ಮೇಲೇ ಇರಲಿ, ಎಂಜಿನ್ ಆರಿಸಿ. ಉಳಿದವರು ಬಂದ ಹಾಗೆ ಕೈ ಚಾಚಿ ದಾರಿ ತೋರಿಸುತ್ತಾರೆ. ಸ್ವೀಪ್ ಬರುವವರೆಗೆ ಅಲ್ಲಿಂದ ಕದಲುವಂತಿಲ್ಲ. ಸ್ವೀಪ್ ಕಂಡ ಮೇಲೆ ಅವರ ಮುಂದೆ ಹೊರಟು ಸಾಲು ಸೇರುತ್ತಾರೆ. ಮುಂದಿನ ಕವಲಿಗೆ ಈಗ ಬೇರೊಬ್ಬರು ಎರಡನೆಯವರು. ಹೊಸಬರೂ ಈ ಸರದಿಯಲ್ಲಿ ಒಮ್ಮೆ ನಿಂತು ಹಿಂದೆ ಸರಿಯುತ್ತಾರೆ, ಮುಂದಿನ ನಿಲುಗಡೆಯಲ್ಲಿ ಮತ್ತೆ ಮುಂದೆ ಬರುತ್ತಾರೆ. ಮ್ಯಾಪ್ ಬೇಕಿಲ್ಲ, ನೆಟ್‌ವರ್ಕ್ ಬೇಕಿಲ್ಲ, ಹಿಂದಿನವರು ಮುಂದಿನವರನ್ನು ಅಟ್ಟಿಸಿಕೊಂಡು ಹೋಗಬೇಕಿಲ್ಲ.

ಇದು ಕೆಡುವುದು ಒಂದೇ ಕಾರಣಕ್ಕೆ. ನಿಂತವರಿಗೆ ಹತ್ತು ನಿಮಿಷ ಕಳೆದ ಮೇಲೆ ಅನುಮಾನ ಬರುತ್ತದೆ: ‘ಎಲ್ಲರೂ ಹೋದರೇನೋ, ಸ್ವೀಪ್ ದಾಟಿದ್ದು ನನಗೆ ಕಾಣಲಿಲ್ಲವೇನೋ.’ ಹೊರಟುಬಿಡುತ್ತಾರೆ. ಹಿಂದೆ ಪಂಚರ್ ತಿದ್ದುತ್ತಿದ್ದ ಇಬ್ಬರು ಅರ್ಧ ಗಂಟೆಯ ನಂತರ ಆ ಕವಲಿಗೆ ಬಂದು ತಪ್ಪು ದಾರಿ ಹಿಡಿಯುತ್ತಾರೆ. ಅದಕ್ಕೇ ಬೆಳಿಗ್ಗೆ ಹೊರಡುವ ಮುನ್ನ ಎಲ್ಲರೂ ಒಪ್ಪಿ ಹೇಳಬೇಕು: ನಿಂತವರು ನಿಂತೇ ಇರುತ್ತಾರೆ.

ಹಾಗೆ ನಿಂತವರಿಗೆ ಸಿಗುವ ಒಂದು ಸುಖ ಇದೆ. ನಾಲ್ಕು ಗಂಟೆಯಿಂದ ಕಿವಿ ತುಂಬಿದ್ದ ಸದ್ದು ತಟ್ಟನೆ ನಿಲ್ಲುತ್ತದೆ. ಬಿಸಿಯಾಗಿದ್ದ ಸೈಲೆನ್ಸರ್ ಆರುತ್ತಾ, ಲೋಹ ಕುಗ್ಗುತ್ತಾ ಟಿಕ್, ಟಿಕ್ ಎನ್ನುತ್ತದೆ. ಹಕ್ಕಿಯ ದನಿ ಕೇಳುತ್ತದೆ. ಆ ಊರಿಲ್ಲದ ಕವಲಿನಲ್ಲಿ ನೀವೊಬ್ಬರೇ. ಆಮೇಲೆ ದೂರದಲ್ಲಿ ಒಂದು ದೀಪ. ಒಂದೊಂದೇ ಗಾಡಿ ನಿಮ್ಮ ಕೈ ತೋರಿಸಿದತ್ತ ತಿರುಗುತ್ತದೆ, ಒಂದೊಂದು ಹೆಲ್ಮೆಟ್ಟೂ ತುಸು ಬಾಗುತ್ತದೆ. ದಾರಿಯಲ್ಲಿ ಎಷ್ಟೋ ಹೊತ್ತಿನಿಂದ ಜೊತೆಗಿದ್ದವರ ಮುಖ, ಅಂದರೆ ಹೆಲ್ಮೆಟ್ಟಿನ ಮುಖ, ಎದುರಿನಿಂದ ಕಾಣುವುದು ಆಗಲೇ. ಪ್ರವಾಸ ಮುಗಿಸಿ ಬಂದವರನ್ನು ಕೇಳಿ ನೋಡಿ. ಪ್ರಸಿದ್ಧ ಜಾಗಗಳ ಹೆಸರು ಮರೆತವರೂ ತಾವು ಕಾದು ನಿಂತ ಕವಲನ್ನು ಮರೆತಿರುವುದಿಲ್ಲ.

ಹೇಗೂ ಜೊತೆಯ ಮಾತು ಬಂತು, ಹಳೆಯದೊಂದು ಸಂಗತಿ. 1903ರಲ್ಲಿ ಜಾರ್ಜ್ ವೈಮನ್ ಎಂಬಾತ ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕ್‌ವರೆಗೆ ಒಬ್ಬಂಟಿಯಾಗಿ ಮೋಟರ್ ಸೈಕಲ್ ಓಡಿಸಿದ. ಮೇ 16ಕ್ಕೆ ಹೊರಟು ಜುಲೈ 6ಕ್ಕೆ ತಲುಪಿದ. ರಸ್ತೆ ಇಲ್ಲದ ಕಡೆ ರೈಲು ಹಳಿಯ ಮೇಲೆ ಹೋದ, ಕೊನೆಗೆ ಎಂಜಿನ್ ಕೈಕೊಟ್ಟಾಗ ಪೆಡಲ್ ತುಳಿದೇ ಊರು ಸೇರಿದ. ಹದಿಮೂರು ವರ್ಷದ ನಂತರ, 1916ರ ಜುಲೈ 4ರಂದು, ಅಗಸ್ಟಾ ಮತ್ತು ಅಡಲೀನ್ ವ್ಯಾನ್ ಬ್ಯೂರನ್ ಎಂಬ ಅಕ್ಕತಂಗಿಯರು ‘ಇಂಡಿಯನ್’ ಎಂಬ ಅಮೆರಿಕದ ಕಂಪನಿಯ ಎರಡು ಮೋಟರ್ ಸೈಕಲ್ ಹತ್ತಿ ನ್ಯೂಯಾರ್ಕಿನಿಂದ ಪಶ್ಚಿಮಕ್ಕೆ ಹೊರಟರು. ಗಂಡಸರ ಉಡುಪು ತೊಟ್ಟಿದ್ದಾರೆಂದು ದಾರಿಯ ಊರುಗಳಲ್ಲಿ ಪೊಲೀಸರು ಅವರನ್ನು ತಡೆದರು. ಯೂಟಾದ ಮರುಭೂಮಿಯಲ್ಲಿ ದಾರಿ ತಪ್ಪಿ ನೀರೂ ಮುಗಿಯಿತು. ಅದಿರು ಹುಡುಕುತ್ತಿದ್ದವನೊಬ್ಬ ಎದುರಾಗಿ ನೀರು ಕೊಟ್ಟ. ಸೆಪ್ಟೆಂಬರ್ 8ಕ್ಕೆ ಲಾಸ್ ಏಂಜಲೀಸ್. ಒಬ್ಬರು ಬಿದ್ದರೆ ಎತ್ತಲು ಇನ್ನೊಬ್ಬರಿದ್ದರು ಎಂಬುದು ಆ ಕಾಲದ ಕೆಸರಿನಲ್ಲಿ ಸಣ್ಣ ಅನುಕೂಲವಲ್ಲ.

ಬಿದ್ದ ಗಾಡಿಯ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಸಾಮಾನು ಸೇರಿ 200 ಕಿಲೋ ದಾಟುವ ಗಾಡಿಯನ್ನು ಮುಂದಕ್ಕೆ ಬಾಗಿ ಎತ್ತಲು ಹೋದವರು ಸೊಂಟ ಹಿಡಿದುಕೊಂಡು ಕೂರುತ್ತಾರೆ. ಮೊದಲು ಎಂಜಿನ್ ಆರಿಸಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುನ್ನವೇ ಸೈಡ್ ಸ್ಟ್ಯಾಂಡ್ ಬಿಡಿಸಿ, ಇಲ್ಲವಾದರೆ ಎತ್ತಿದ ಗಾಡಿ ಆ ಕಡೆಗೆ ಬೀಳುತ್ತದೆ. ಗೇರಿನಲ್ಲಿ ಇದ್ದರೆ ಜಾರುವುದಿಲ್ಲ. ಒಬ್ಬರೇ ಆದರೆ ಸೀಟಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಹ್ಯಾಂಡಲ್ಲನ್ನು ಪೂರ್ತಿ ತಿರುಗಿಸಿ ಒಂದು ಕೈಯಲ್ಲೂ, ಹಿಂದಿನ ಚೌಕಟ್ಟನ್ನು ಇನ್ನೊಂದು ಕೈಯಲ್ಲೂ ಹಿಡಿದು, ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕಿಡುತ್ತಾ ಕಾಲಿನ ಬಲದಿಂದ ಏಳಬೇಕು. ಇಬ್ಬರಿದ್ದರೆ ಅರ್ಧ ನಿಮಿಷದ ಕೆಲಸ. ಕ್ಲಚ್ ಮತ್ತು ಬ್ರೇಕ್ ಲೀವರಿನ ಹಿಡಿಕೆಯ ಬೋಲ್ಟನ್ನು ಕಲ್ಲುಗಟ್ಟಿಯಾಗಿ ಬಿಗಿಯಬೇಡಿ. ಬಿದ್ದಾಗ ಹಿಡಿಕೆ ತುಸು ತಿರುಗಿದರೆ ಲೀವರ್ ಮುರಿಯುವುದಿಲ್ಲ.

ಇನ್ನು ಪಂಚರ್. ದೂರದ ಸವಾರಿಯಲ್ಲಿ ಇದು ಬಂದೇ ಬರುತ್ತದೆ. ಗುಂಪು ಗುಂಪಾಗುವುದೂ ಇಲ್ಲಿಯೇ. ಹಿಂದಿನ ಚಕ್ರದಲ್ಲಿ ಗಾಳಿ ಇಳಿದರೆ ಗಾಡಿಯ ಹಿಂಭಾಗ ಹಾವಿನಂತೆ ಹೊರಳಾಡುತ್ತದೆ, ಮುಂದಿನದ್ದಾದರೆ ಹ್ಯಾಂಡಲ್ ಭಾರವಾಗುತ್ತದೆ. ಬ್ರೇಕ್ ಜೋರಾಗಿ ಹಿಡಿಯದೆ, ಆಕ್ಸಿಲೇಟರ್ ಮೆಲ್ಲಗೆ ಬಿಟ್ಟು ನೇರವಾಗಿ ನಿಲ್ಲಿಸಿ. ಒಬ್ಬರು ಎದ್ದುಕಾಣುವ ಜಾಕೆಟ್ ತೊಟ್ಟು ನೂರು ಮೀಟರ್ ಹಿಂದೆ ನಿಂತು ಬರುವ ವಾಹನಗಳನ್ನು ಎಚ್ಚರಿಸಬೇಕು. ಈ ಕೆಲಸಕ್ಕೆ ಯಾರೂ ಮುಂದೆ ಬರುವುದಿಲ್ಲ, ಎಲ್ಲರಿಗೂ ಚಕ್ರದ ಸುತ್ತ ನಿಂತು ಸಲಹೆ ಕೊಡುವ ಆಸೆ. ಸರದಿ ಮಾಡಿಕೊಳ್ಳಿ.

ಟ್ಯೂಬ್‌ಲೆಸ್ ಆದರೆ ಕೆಲಸ ಸುಲಭ. ಮೊಳೆ ಕಂಡ ಕೂಡಲೇ ಕೀಳಬೇಡಿ. ಸುತ್ತ ಚಾಕ್‌ಪೀಸಿನಿಂದ ಗುರುತು ಹಾಕಿ, ಯಾವ ಓರೆಯಲ್ಲಿ ಹೊಕ್ಕಿದೆ ಎಂದು ನೋಡಿಕೊಳ್ಳಿ. ತೂತನ್ನು ಅದೇ ಓರೆಯಲ್ಲಿ ಕೊರೆಯಬೇಕು; ನೇರವಾಗಿ ಚುಚ್ಚಿದರೆ ಟೈರಿನೊಳಗೆ ಎರಡನೆಯ ದಾರಿ ಆಗಿಬಿಡುತ್ತದೆ. ಇಕ್ಕಳದಲ್ಲಿ ಮೊಳೆ ಕಿತ್ತು, ಅರದಂಥ ಕೊರೆಯುವ ಕಡ್ಡಿಯನ್ನು ಹತ್ತಾರು ಸಲ ಆಡಿಸಿ. ಅಂಟು ಹಚ್ಚಿದ ರಬ್ಬರ್ ಎಳೆಯನ್ನು ಸೂಜಿಯ ಕಣ್ಣಿಗೆ ಸಮನಾಗಿ ಪೋಣಿಸಿ, ಒಂದೆರಡು ಸೆಂಟಿಮೀಟರ್ ಹೊರಗುಳಿಯುವಷ್ಟು ಒಳಗೆ ನೂಕಿ, ಸೂಜಿಯನ್ನು ಒಂದೇ ಸಲಕ್ಕೆ ಸರಕ್ಕನೆ ಎಳೆಯಿರಿ. ಮೆಲ್ಲಗೆ ಎಳೆದರೆ ಎಳೆಯೂ ಜೊತೆಗೇ ಬರುತ್ತದೆ. ಮಿಕ್ಕ ಬಾಲವನ್ನು ಮೂರ್ನಾಲ್ಕು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಗಾಳಿ ತುಂಬಿ, ಸೋಪಿನ ನೀರು ಹಾಕಿ ಗುಳ್ಳೆ ಬರುತ್ತದೆಯೇ ನೋಡಿ. ಹತ್ತು ಕಿಲೋಮೀಟರ್ ಆದಮೇಲೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಗಾಳಿ ಅಳೆಯಿರಿ. ಟೈರಿನ ಪಕ್ಕದ ಗೋಡೆಯಲ್ಲಿ ತೂತಾಗಿದ್ದರೆ ಎಳೆ ಹಾಕಬೇಡಿ. ಅಲ್ಲಿ ರಬ್ಬರ್ ಪ್ರತಿ ಸುತ್ತಿಗೂ ಮಡಿಚಿಕೊಳ್ಳುತ್ತದೆ, ಎಳೆ ನಿಲ್ಲುವುದಿಲ್ಲ.

ಕಡ್ಡಿ ಚಕ್ರ, ಒಳಗೆ ಟ್ಯೂಬು ಇದ್ದರೆ ಕೈ ಕೆಸರಾಗಲೇಬೇಕು. ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ ಒಂದು ಕಡೆ ಸೈಡ್ ಸ್ಟ್ಯಾಂಡ್, ಇನ್ನೊಂದು ಕಡೆ ಚೌಕಟ್ಟಿನ ಕೆಳಗೆ ಕಲ್ಲೋ ಗಟ್ಟಿ ಡಬ್ಬಿಯೋ. ಇಬ್ಬರು ಗಾಡಿ ಹಿಡಿದಿರಬೇಕು. ಆಕ್ಸಲ್, ಅಂದರೆ ಚಕ್ರದ ಅಚ್ಚು, ಎಳೆದಾಗ ಬೀಳುವ ಬುಷ್, ವಾಷರ್‌ಗಳನ್ನು ಬಟ್ಟೆಯ ಮೇಲೆ ಬಂದ ಕ್ರಮದಲ್ಲೇ ಜೋಡಿಸಿಡಿ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಚಕ್ರದ ಜೊತೆ ಬ್ರೇಕಿನ ಡಿಸ್ಕ್ ಹೊರಬಂದ ಮೇಲೆ ಬ್ರೇಕ್ ಮುಟ್ಟಕೂಡದು. ಗುಂಪಿನಲ್ಲಿ ಒಬ್ಬರಾದರೂ ಸುಮ್ಮನೆ ಬ್ರೇಕ್ ಒತ್ತಿ ನೋಡುತ್ತಾರೆ. ಪಿಸ್ಟನ್ ಮುಂದೆ ಬಂದು ಪ್ಯಾಡುಗಳ ನಡುವೆ ಡಿಸ್ಕ್ ಹೋಗದಾಗುತ್ತದೆ. ಪ್ಯಾಡುಗಳ ನಡುವೆ ಒಂದು ರಟ್ಟಿನ ತುಂಡು ಸಿಕ್ಕಿಸಿಟ್ಟರೆ ಒಳ್ಳೆಯದು.

ಈಗ ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸಬೇಕು. ಬೂಟುಗಾಲಲ್ಲಿ ಎಷ್ಟು ತುಳಿದರೂ ಜಪ್ಪಯ್ಯ ಎನ್ನುವುದಿಲ್ಲ. ಉಪಾಯ ಇದೆ: ಚಕ್ರವನ್ನು ನೆಲದ ಮೇಲೆ ಮಲಗಿಸಿ, ಇನ್ನೊಂದು ಬೈಕನ್ನು ಅದರ ಪಕ್ಕಕ್ಕೆ ತಂದು, ಅದರ ಸೈಡ್ ಸ್ಟ್ಯಾಂಡಿನ ಪಾದವನ್ನು ರಿಮ್ಮಿನ ಅಂಚಿಗೆ ತಾಗದಂತೆ ಟೈರಿನ ಮೇಲಿಡಿ. ಮೂರು ಜನ ಹಿಡಿದುಕೊಂಡು ಆ ಬೈಕನ್ನು ಸ್ಟ್ಯಾಂಡಿನ ಮೇಲೆ ನಿಧಾನ ವಾಲಿಸಿ. ಪಟಕ್ಕನೆ ಸದ್ದಾಗುತ್ತದೆ, ಅಂಚು ಬಿಟ್ಟುಕೊಳ್ಳುತ್ತದೆ. ಆ ಸದ್ದಿಗೆ ಎಲ್ಲರೂ ಒಟ್ಟಿಗೆ ಹೋ ಎನ್ನುತ್ತಾರೆ. ಜಗತ್ತಿನ ಯಾವ ಮೂಲೆಯಲ್ಲಾದರೂ ಹೀಗೇ. ಡಿಸ್ಕ್ ಕೆಳಗೆ ಬಂದಿದ್ದರೆ ಜಾಕೆಟ್ ಹಾಸಿ, ಇಲ್ಲವಾದರೆ ಬಾಗುತ್ತದೆ.

ಟೈರ್ ಲೀವರಿನಲ್ಲಿ ಒಂದು ಸಲಕ್ಕೆ ನಾಲ್ಕೈದು ಸೆಂಟಿಮೀಟರ್ ಮಾತ್ರ ಎತ್ತಿ. ಬಲ ಬೇಕೆನಿಸಿದರೆ ಎಲ್ಲೋ ತಪ್ಪಿದೆ ಎಂದರ್ಥ: ಎದುರು ಬದಿಯ ಅಂಚು ರಿಮ್ಮಿನ ನಡುವಿನ ತಗ್ಗಿಗೆ ಇಳಿದಿಲ್ಲ. ಅಲ್ಲಿ ಒಬ್ಬರು ಮಂಡಿಯೂರಿ ಒತ್ತಿ ಹಿಡಿಯಲಿ. ಹಳೆ ಟ್ಯೂಬ್ ತೆಗೆದ ಮೇಲೆ ಟೈರಿನ ಒಳಗೋಡೆಯನ್ನು ಬಟ್ಟೆಯಿಂದ ಸವರಿ. ಮುಳ್ಳು ಇನ್ನೂ ಅಲ್ಲೇ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬೆರಳಿನಿಂದ ಹುಡುಕಬೇಡಿ. ಹೊಸ ಟ್ಯೂಬಿಗೆ ತುಸು ಗಾಳಿ ಹಾಕಿ, ಟಾಲ್ಕಂ ಪುಡಿ ಸವರಿ ಕೂರಿಸಿ, ಮಡಿಕೆ ಬೀಳುವುದಿಲ್ಲ. ಹತ್ತರಲ್ಲಿ ಒಂಬತ್ತು ತಾಪತ್ರಯ ಕೊನೆಯ ಗೇಣಿನಲ್ಲಿ. ಆತುರದಲ್ಲಿ ಲೀವರ್ ಹೊಸ ಟ್ಯೂಬನ್ನೇ ಕಚ್ಚುತ್ತದೆ, ಒಂದು ಗಂಟೆಯ ಕೆಲಸ ಮೊದಲಿಗೆ ಬರುತ್ತದೆ. ಹಾಗಾದಾಗ ಯಾರೂ ಬೈಯದೆ ಇನ್ನೊಬ್ಬರು ಲೀವರ್ ತೆಗೆದುಕೊಂಡು ಕೂತರೆ ಆ ಗುಂಪು ಎಲ್ಲಿಗೆ ಬೇಕಾದರೂ ಹೋದೀತು.

ಎಂಟು ಜನರ ಹತ್ತಿರ ಎಂಟು ಪಂಪು ಬೇಕಿಲ್ಲ. ಬ್ಯಾಟರಿಗೆ ಸಿಕ್ಕಿಸುವ ಪಂಪು ಒಂದು, ಕಾಲಲ್ಲಿ ಒತ್ತುವುದು ಒಂದು. ಟೈರ್ ಲೀವರ್ ಮೂರು, ಪಂಚರ್ ಕಿಟ್ ಎರಡು. ಆದರೆ ತಮ್ಮ ಗಾಡಿಯ ಆಕ್ಸಲ್ ನಟ್ಟಿನ ಸ್ಪ್ಯಾನರ್, ತಮ್ಮ ಅಳತೆಯ ಟ್ಯೂಬು, ಕ್ಲಚ್ ಕೇಬಲ್, ಫ್ಯೂಸು, ಕ್ಲಚ್ ಮತ್ತು ಬ್ರೇಕ್ ಲೀವರಿನ ಜೋಡಿ, ಇವನ್ನು ಅವರವರೇ ತರಬೇಕು. ಟ್ಯೂಬ್ ಮುಗಿದುಹೋದರೆ 21 ಇಂಚಿನ ಮುಂದಿನ ಚಕ್ರದ ಟ್ಯೂಬು 18 ಇಂಚಿನ ಹಿಂದಿನ ಚಕ್ರಕ್ಕೂ ತಾತ್ಕಾಲಿಕವಾಗಿ ಆಗುತ್ತದೆ. ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿಟ್ಟಿದ್ದರೆ ತುಂಡಾದಾಗ ಎರಡು ತುದಿ ಬದಲಿಸಿದರೆ ಮುಗಿಯಿತು. ಕೇಬಲ್ ತುಂಡಾಗುವುದು ಹೆಚ್ಚಾಗಿ ಲೀವರಿನ ಹತ್ತಿರ. ಅಲ್ಲಿ ಒಂದು ಎಳೆ ಬಿಚ್ಚಿಕೊಂಡದ್ದು ಕಂಡರೆ ಅವತ್ತೇ ಬದಲಿಸಿ.

ಸಂಜೆಯ ಕೆಲಸ ಚೈನು. ದಿನದ ಕೊನೆಗೆ ಬಿಸಿಯಾಗಿರುವಾಗಲೇ ಎಣ್ಣೆ ಹಾಕಿದರೆ ಕೊಂಡಿಗಳ ಒಳಗೆ ಇಳಿಯುತ್ತದೆ. ಬೆಳಿಗ್ಗೆ ಹೊರಡುವಾಗ ಹಾಕಿದರೆ ಅರ್ಧ ಟೈರಿಗೆ ಸಿಡಿಯುತ್ತದೆ, ಅದು ಅಪಾಯ. ಒಣ ರಸ್ತೆಯಲ್ಲಿ 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಾದರೆ ಪ್ರತಿ ಸಂಜೆ. ಚೈನಿನ ಕೆಳಸಾಲಿನ ಒಳಬದಿಗೆ ಎಣ್ಣೆ ಬೀಳಬೇಕು. ತೊಳೆಯಲು ಸೀಮೆಎಣ್ಣೆ ಬಳಸಿ. ಪೆಟ್ರೋಲ್ ಬೇಡ, ಅದು ಕೊಂಡಿಗಳ ರಬ್ಬರ್ ಉಂಗುರಗಳನ್ನು ಕೆಡಿಸುತ್ತದೆ. ಸಡಿಲ ಎಷ್ಟಿರಬೇಕೆಂದು ಗಾಡಿಯ ಕೈಪಿಡಿ ಹೇಳುತ್ತದೆ, ರಸ್ತೆ ಬೈಕುಗಳಲ್ಲಿ ಸಾಮಾನ್ಯವಾಗಿ 25ರಿಂದ 35 ಮಿಲಿಮೀಟರ್. ಚೈನು ಎಲ್ಲೆಡೆ ಒಂದೇ ಸಮ ಸವೆಯುವುದಿಲ್ಲ. ಒಬ್ಬರು ಗಾಡಿಯನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಳ್ಳುತ್ತಾ, ಇನ್ನೊಬ್ಬರು ಅಳೆಯುತ್ತಾ, ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲಿ ಸರಿಮಾಡಬೇಕು. ಬಿಗಿ ಹೆಚ್ಚಾದರೆ ಇಬ್ಬರು ಕೂತಾಗಲೋ ಗುಂಡಿಗೆ ಇಳಿದಾಗಲೋ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಹೊಡೆತ. ಎಂಜಿನ್ ಓಡಿಸುತ್ತಾ ಚೈನಿಗೆ ಬಟ್ಟೆ ಹಿಡಿಯಬೇಡಿ. ಅದು ಬೆರಳು ಕಳೆದುಕೊಳ್ಳುವ ದಾರಿ. ಎಂಟು ಗಾಡಿಗೆ ಇಬ್ಬಿಬ್ಬರು ಸೇರಿದರೆ ಅರ್ಧ ಗಂಟೆ. ದಿನದ ಹರಟೆಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ, ಕೈಗೆ ಕೆಲಸ ಇರುವಾಗ ಬಾಯಿ ಸಲೀಸು.

ಪೆಟ್ರೋಲಿನ ಲೆಕ್ಕ ಅತಿ ಸಣ್ಣ ಟ್ಯಾಂಕಿನವರದ್ದು. 12 ಲೀಟರ್ ಟ್ಯಾಂಕು, ಲೀಟರಿಗೆ 30 ಎಂದರೆ ಕಾಗದದ ಮೇಲೆ 360 ಕಿಲೋಮೀಟರ್. ಸಾಮಾನು, ಏರು, ಎದುರುಗಾಳಿ ಸೇರಿದರೆ 300. ಅದರಲ್ಲಿ ಮುಕ್ಕಾಲಿಗಿಂತ ಕಡಿಮೆಯೇ, 210ರ ಹೊತ್ತಿಗೆ ತುಂಬಿಸಬೇಕು. ಎಲ್ಲರೂ ಆಗಲೇ ತುಂಬಿಸಬೇಕು, ‘ನನಗಿನ್ನೂ ಬೇಡ’ ಎನ್ನುವಂತಿಲ್ಲ.

ದೇಹದ ವಿಷಯ. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದು 90 ಡೆಸಿಬೆಲ್ ಮೀರುತ್ತದೆ. ಫೋಮಿನ ಕಿವಿಬಿರಟೆ ಹಾಕಿಕೊಂಡರೆ ಸಂಜೆ ತಲೆನೋವು ಇಲ್ಲ, ಸಿಡುಕೂ ಕಡಿಮೆ. ಗುಂಪಿನ ಶಾಂತಿಗೆ ಇಷ್ಟು ಅಗ್ಗದ ಸಾಧನ ಇನ್ನೊಂದಿಲ್ಲ. 10 ಡಿಗ್ರಿ ಚಳಿಯಲ್ಲಿ 80ರ ವೇಗದ ಗಾಳಿ ಮೈಗೆ ಸುಮಾರು 4 ಡಿಗ್ರಿಯಂತೆ ತಟ್ಟುತ್ತದೆ. ಮಳೆಯಂಗಿ ಹಾಕುವುದು ಮೊದಲ ಹನಿ ಬಿದ್ದಾಗ, ನೆನೆದ ಮೇಲಲ್ಲ. ಒಬ್ಬರು ಹಾಕಲು ನಿಂತರೆ ಎಲ್ಲರೂ ಹಾಕಬೇಕು. ಬಿಸಿಲು 40 ಡಿಗ್ರಿ ಮುಟ್ಟಿದಾಗ ಜಾಕೆಟ್ ಬಿಚ್ಚಿ ಹೋಗುವುದು ತಪ್ಪು. ಗಾಳಿ ಮೈಗಿಂತ ಬಿಸಿಯಾಗಿದೆ, ಬೆವರು ಆರಿ ನೀರು ಬೇಗ ಕಳೆಯುತ್ತದೆ. ಒಳಗಿನ ಅಂಗಿ ನೆನೆಸಿಕೊಂಡು ಜಾಕೆಟ್ ಹಾಕಿ.

ದಣಿವು ದಣಿದವರಿಗೆ ಗೊತ್ತಾಗುವುದಿಲ್ಲ, ಹಿಂದಿನವರಿಗೆ ಕಾಣುತ್ತದೆ. ಕಿಲೋಮೀಟರುಗಟ್ಟಲೆ ಆರದ ಇಂಡಿಕೇಟರ್, ಕಾರಣವಿಲ್ಲದೆ ಏರಿಳಿಯುವ ವೇಗ, ತಿರುವಿನಲ್ಲಿ ತಡವಾಗಿ ಹಿಡಿದ ಬ್ರೇಕ್. ಹೀಗೆ ಕಂಡರೆ ಪಕ್ಕಕ್ಕೆ ಬಂದು ನಿಲ್ಲುವ ಸನ್ನೆ ಮಾಡಿ, ನಿಮಗೇ ಏನೋ ಬೇಕಾಗಿದೆ ಎಂಬಂತೆ. ‘ನೀನು ದಣಿದಿದ್ದೀಯ’ ಎಂದರೆ ಯಾರೂ ಒಪ್ಪುವುದಿಲ್ಲ.

ಮೂರನೆಯ ದಿನದ ಬಗ್ಗೆ ಎಚ್ಚರಿಸಬೇಕು. ಮೊದಲೆರಡು ದಿನದ ಹುರುಪು ಇಳಿದಿರುತ್ತದೆ, ಕೂತು ಕೂತು ಮೈ ನೋಯುತ್ತಿರುತ್ತದೆ, ಫೋಟೋಗೆ ಪದೇ ಪದೇ ನಿಲ್ಲುವವರನ್ನು ಕಂಡರೆ ಉರಿಯುತ್ತದೆ, ಗೊರಕೆ ಹೊಡೆಯುವವರು ಯಾರೆಂದು ಗೊತ್ತಾಗಿರುತ್ತದೆ. ಜಗಳ ಆಗುವುದು ಆಗಲೇ. ಯೋಜನೆ ಹಾಕುವಾಗಲೇ ಮೂರನೆಯ ದಿನವನ್ನು ಚಿಕ್ಕದಾಗಿಸಿ: ಬರೀ 150 ಕಿಲೋಮೀಟರ್, ಮಧ್ಯಾಹ್ನಕ್ಕೇ ತಲುಪಿ, ಬಟ್ಟೆ ಒಗೆದು, ನಟ್ಟು ಬೋಲ್ಟು ಬಿಗಿ ಮಾಡಿ, ಮಲಗಿ. ನಾಲ್ಕನೆಯ ದಿನ ಹೊರಡುವ ಗುಂಪು ಬೇರೆಯೇ ಆಗಿರುತ್ತದೆ.

ಸಭಿಕರೊಬ್ಬರು ಆಗಲೇ ಚೀಟಿ ಕಳಿಸಿದ್ದಾರೆ: ‘ಕೀಲಿಯ ವಿಷಯ ಹೇಳಲಿಲ್ಲ.’ ಹೌದು. ಹೊರಡುವ ಬೆಳಿಗ್ಗೆ ಪ್ರತಿಯೊಬ್ಬರೂ ತಮ್ಮ ಎರಡನೆಯ ಕೀಲಿಯನ್ನು ಬೇರೊಬ್ಬರಿಗೆ ಕೊಡಬೇಕು, ಅವರು ಅದನ್ನು ಜಾಕೆಟ್ಟಿನ ಒಳಜೇಬಿನಲ್ಲಿಡಬೇಕು. ತಮ್ಮ ಚೀಲದಲ್ಲೇ ಇಟ್ಟುಕೊಂಡ ಎರಡನೆಯ ಕೀಲಿ, ಬೀಗ ಹಾಕಿದ ಪೆಟ್ಟಿಗೆಯೊಳಗಿದ್ದು ಯಾರಿಗೂ ಪ್ರಯೋಜನವಿಲ್ಲ. ರಕ್ತದ ಗುಂಪು, ಅಲರ್ಜಿ, ಮನೆಯವರ ಫೋನ್ ನಂಬರ್ ಬರೆದ ಚೀಟಿ ಎಲ್ಲರ ಎಡ ಎದೆಯ ಜೇಬಿನಲ್ಲಿರಲಿ. ಎಲ್ಲರದ್ದೂ ಅದೇ ಜೇಬಾದರೆ ಹುಡುಕುವವರು ತಡಕಾಡಬೇಕಿಲ್ಲ.

ಕೊನೆಯ ದಿನ ಗುಂಪು ಒಂದೊಂದು ಕವಲಿನಲ್ಲಿ ಒಬ್ಬೊಬ್ಬರನ್ನು ಬಿಟ್ಟುಕೊಡುತ್ತಾ ಕರಗುತ್ತದೆ. ಮನೆ ಹತ್ತಿರ ಬಂದಾಗಲೇ ಎಚ್ಚರ ತಪ್ಪುವುದು, ಆದ್ದರಿಂದ ತಲುಪಿದ ಮೇಲೆ ಎಲ್ಲರೂ ಸ್ವೀಪ್‌ಗೆ ಸುದ್ದಿ ಕೊಡಬೇಕು. ಏಳನೆಯ ಸುದ್ದಿ ಬರುವವರೆಗೆ ಸ್ವೀಪ್ ಫೋನ್ ಪಕ್ಕದಿಂದ ಏಳುವಂತಿಲ್ಲ. ಇಷ್ಟೆಲ್ಲ ಸರಿಯಾಗಿ ಮಾಡಿದ ಗುಂಪೂ ಒಂದನ್ನು ಮಾತ್ರ ಮರೆಯುತ್ತದೆ. ವಾರ ಕಳೆದು ಜಾಕೆಟ್ ಒಗೆಯಲು ತೆಗೆದಾಗ ಒಳಜೇಬಿನಿಂದ ಯಾರದ್ದೋ ಬೈಕಿನ ಕೀಲಿ ಕೆಳಗೆ ಬೀಳುತ್ತದೆ. ಅದನ್ನು ಅಂಚೆಯಲ್ಲಿ ಕಳಿಸಬೇಡಿ. ನೀವೇ ಗಾಡಿ ಹತ್ತಿ ಹೋಗಿ ಕೊಟ್ಟು ಬನ್ನಿ.